ಬಲಕ್ಕೆ ಬಿದ್ದ ಹೂವು

"ಎಡಗಡೆ ಹೂವಿಗೆ ಗಂಧ ಮೆತ್ತಿದ್ದೆ ಕಣೋ. ಅದು ಬೀಳೋ ಹಾಗೇ ಇರ್ಲಿಲ್ಲ. ಎಲ್ಲಾ ನಿನ್ನ ಒಳ್ಳೇದಕ್ಕೇ ಮಾಡಿದ್ದು." ಅಪ್ಪನ ಧ್ವನಿ ಒಮ್ಮೆ ಕೆಮ್ಮಿತು. ಫೋನು ಕಟ್ಟಾಯಿತು.

ಪಾಂಡವಪುರದ ಬಸ್ ನಿಲ್ದಾಣದಲ್ಲಿ ರಾಘವ ಫೋನನ್ನೇ ನೋಡುತ್ತಾ ನಿಂತ. ಅವನ ಅಪ್ಪ ದೊರೆಸ್ವಾಮಿ ಶ್ರೀರಂಗಪಟ್ಟಣದಲ್ಲಿ ಅರ್ಚಕರು. ಅರ್ಚನಳ ಸಂಬಂಧ ಕೂಡಿಬಂದಾಗ ಅವರು ದೇವರಲ್ಲಿ ಹೂವು ಕೇಳಿದ್ದರು. ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುವುದು. ಬಲದ್ದು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಬೇಡ. ಬಲದ್ದೇ ಬಿತ್ತು. ಹೂ ಬಿದ್ದದ್ದೇ ತಡ, ರಾಘವ ಹ್ಞೂ ಅಂದಿದ್ದ.

ತಮಾಷೆಯೆಂದರೆ, ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಈ ರಾಘವನಿಗೆ ಇಂಥ ಕೈವಾಡ ಹಿಡಿಯುವುದೇ ಹುಚ್ಚು. ಅವನು ಆಡುತ್ತಿದ್ದ ವಿಡಿಯೋ ಗೇಮೊಂದರ ಕೊನೆಯಲ್ಲಿ ಎರಡು ಬಾಗಿಲುಗಳಿವೆ. ಕಾಣದ ಮುದುಕಿಯೊಬ್ಬಳು "ಆಯ್ಕೆ ನಿನ್ನದೇ ಮಗೂ" ಎನ್ನುತ್ತಾಳೆ. ಮೊದಲ ದೃಶ್ಯದಿಂದಲೂ ದಾರಿಯ ಬಲಕ್ಕೇ ದೀಪ ಹಚ್ಚಿ ಆಡುವವರನ್ನು ಪಳಗಿಸಿರುತ್ತಾಳೆ, ಹಾಗಾಗಿ ಆ ಆಯ್ಕೆ ಶುದ್ಧ ಬೂಟಾಟಿಕೆ ಎಂದು ಅಂತರ್ಜಾಲದಲ್ಲಿ ಪುಟಗಟ್ಟಲೆ ಬರೆದವನು ಅವನು. ಹೂವು ಕೇಳುವ ಮೊದಲು ಹೆಣ್ಣು ನೋಡಲು ಹೋದಾಗ ಅರ್ಚನಳೂ ಅದನ್ನೇ ಆಡುವವಳೆಂದು ಗೊತ್ತಾಗಿ, ಉಪ್ಪಿಟ್ಟು ತಣ್ಣಗಾಗುವ ತನಕ ಇಬ್ಬರೂ ಮುದುಕಿಯ ವಿಷಯಕ್ಕೆ ಜಗಳವಾಡಿದ್ದರು.

ಈಗ ತನ್ನ ಮನೆಯಲ್ಲೇ ಮುದುಕಿ. ನಾಳೆ ನಿಶ್ಚಿತಾರ್ಥ. ತಾನು ಒಪ್ಪಿದ್ದೋ, ಒಪ್ಪಿಸಿದ್ದೋ?

ತಾನು ಪಾಠ ಹೇಳುವ ಶಾಲೆ ಮುಗಿಸಿ ಅವನನ್ನು ಕಾಣಲು ಸ್ಕೂಟರಿನಲ್ಲಿ ಬಂದ ಅರ್ಚನ ಹೆಲ್ಮೆಟ್ ತೆಗೆಯುವ ಮೊದಲೇ ಅವನು ಎಲ್ಲ ಒದರಿಬಿಟ್ಟ. ಅವಳ ಮುಖ ಸಣ್ಣದಾಯಿತು.

"ಸರಿ. ಹಾಗಾದ್ರೆ ನಿಲ್ಲಿಸೋಣ್ವಾ?"

"ಹಾಗಲ್ಲ. ಯೋಚನೆ ಮಾಡೋದು..."

"ನಿಮ್ಮಪ್ಪ ಗಂಧ ಮೆತ್ತಿದ್ರೋ ಬೆಣ್ಣೆ ಮೆತ್ತಿದ್ರೋ, ನಾನಂತೂ ಹೂವು ನೋಡಿ ಒಪ್ಕೊಂಡವಳಲ್ಲ. ಉಪ್ಪಿಟ್ಟು ತಣ್ಣಗಾದಾಗ್ಲೇ ಒಪ್ಕೊಂಡೆ. ನೀವು ಹೇಳಿ. ಎಡದ್ದು ಬಿದ್ದಿದ್ರೆ ಏನ್ಮಾಡ್ತಿದ್ರಿ?"

ರಾಘವ ಫೋನನ್ನು ಜೇಬಿಗೆ ತುರುಕಿದ.

"ಸರಿಯಾಗಿ ಅಂಟಿಸಿಲ್ಲ, ಇನ್ನೊಂದ್ಸಲ ಕೇಳಿ ಅಂತ ಅಪ್ಪನ ತಲೆ ತಿಂತಿದ್ದೆ."

ಆಡಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಎದೆಯ ಮೇಲಿಂದ ಯಾರೋ ಗುಂಡುಕಲ್ಲು ಇಳಿಸಿದಂತಾಯಿತು. ಅರ್ಚನ ಹೆಲ್ಮೆಟ್ ತೆಗೆದಳು.

ಅಷ್ಟರಲ್ಲಿ ಮತ್ತೆ ಅಪ್ಪನ ನಂಬರು. ಅವಳಿಗೂ ಕೇಳಲೆಂದು ರಾಘವ ಸ್ಪೀಕರ್ ಹಾಕಿದ. "ಇನ್ನೊಂದ್ ವಿಷ್ಯ ಕಣೋ..." ಎಂದು ಶುರುವಾದ ಧ್ವನಿ ನಡುವೆಯೇ ಜಾತಿ ಕೆಟ್ಟಿತು. "ಲೇ ರಾಗ, ನಾನ್ಲಾ, ಲೋಕಿ."

ಕಿರಂಗೂರಿನ ಲೋಕೇಶ್, ಅವರ ಮನೆಗೆ ಹಾಲು ಹಾಕುವ ಗೆಳೆಯ. ಕಂಡಕ್ಟರನಿಂದ ಹಿಡಿದು ಎಮ್ಮೆಯವರೆಗೆ ಯಾರ ಗಂಟಲನ್ನೂ ಅಣಕಿಸದೆ ಬಿಟ್ಟವನಲ್ಲ.

"ನಿಮ್ಮಪ್ಪಾರು ಸಂಜೆ ಪೂಜೇಲವ್ರೆ, ಫೋನು ಜಗ್ಲಿ ಮ್ಯಾಲಿತ್ತು. ಗಂದಾನೂ ಇಲ್ಲ, ಗಿಂದಾನೂ ಇಲ್ಲ ಕಣ್ಲಾ. ದಿನಾ ಮುದ್ಕಿ ಮೋಸ, ಮುದ್ಕಿ ಮೋಸ ಅಂತ ನನ್ನ ತಲೆ ತಿಂತಿದ್ದೆಲ್ಲಾ, ಅದ್ಕೆ. ನೀನೇನಾರ ನಂಬ್ಕಂಡು ಆ ಹೆಣ್ಮಗೀಗೆ ಹೇಳ್ಗೀಳ್ಬುಟ್ಟೀಯ."

"ಆಗ್ಲೇ ಹೇಳ್ಬಿಟ್ಟೆ."

"ಅಯ್ಯೋ ಸಿವನೇ. ಏನಂದ್ರಲಾ?"

"ತಗೋ, ನೀನೇ ಕೇಳು," ಎಂದು ರಾಘವ ಫೋನನ್ನು ಅರ್ಚನಳತ್ತ ಹಿಡಿದ.

"ಲೋಕೇಶಣ್ಣ, ನಾಳೆ ಊಟಕ್ಕೆ ಬನ್ನಿ," ಎಂದಳು ಅರ್ಚನ. "ನಿಮ್ಮ ಎಲೆಗೆ ಗಂಧಾನೇ ಬಡಿಸ್ತೀನಿ."

ಲೋಕೇಶ್ ನಕ್ಕ, ಅರ್ಚನ ನಕ್ಕಳು. ರಾಘವನ ನಗು ಮಾತ್ರ ಇಬ್ಬರದನ್ನೂ ಮುಳುಗಿಸಿ, ಬೆಂಚಿನ ಮೇಲೆ ತೂಕಡಿಸುತ್ತಿದ್ದ ಅಜ್ಜನನ್ನು ಎಬ್ಬಿಸಿತು. ಶ್ರೀರಂಗಪಟ್ಟಣದ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ, ಹತ್ತುವವನೋ ಅಲ್ಲವೋ ಎಂದು ಇನ್ನೂ ನಗುತ್ತಲೇ ನಿಂತಿದ್ದ ರಾಘವನನ್ನೊಮ್ಮೆ ನೋಡಿ, ಸೀಟಿ ಊದಿದ.