ಮೊಸರಿನ ಮೇಲೆ ನೀಲಿ ಚುಕ್ಕೆಗಳು

ಬೇಸಿಗೆ ಬಂತೆಂದರೆ ಬಣ್ಣಗಾರನ ಮನೆಯೊಳಗೆ ಕೂತು ಉಣ್ಣುವುದು ಆಗದ ಮಾತು. ನೂಲಿಗೆ ಬಣ್ಣ ಹಾಕುವ ಹಂಡೆಗಳು ಬೆಳಗಿನಿಂದ ಕುದಿಯುತ್ತಿದ್ದರೆ ಮನೆಯೇ ಒಲೆ. ಹಾಗಾಗಿ ಮಧ್ಯಾಹ್ನದ ಊಟ ಹಿತ್ತಲ ಮರದ ಕೆಳಗೆ. ಅಲ್ಲಿ ಇವರಿಗಿಂತ ಮೊದಲೇ ನೊಣಗಳು ಹಾಜರ್.

ಪಕ್ಕದ ಮನೆಯ ನರ್ಸಮ್ಮ ಬೇಲಿಯಾಚೆಯಿಂದಲೇ ಹೇಳಿದ್ದಳು: "ಅಣ್ಣಾ, ನಿಮ್ಮ ಮಗಳು ಪುಟ್ಟಿ ವಾಂತಿಭೇದಿಯಿಂದ ಈಗಷ್ಟೇ ಎದ್ದಿದ್ದಾಳೆ. ಇನ್ನೊಂದು ಸಲ ಆದ್ರೆ ಆ ಮಗು ತಡ್ಕೊಳ್ಳಲ್ಲ. ಊಟ ಮುಚ್ಚಿಡಿ."

"ಒಂದು ನೊಣ ಎಷ್ಟು ತಿನ್ನತ್ತೆ ಬಿಡಮ್ಮಾ! ನಮಗೇನು ಅಷ್ಟು ಬಡತನ ಬಂದಿಲ್ಲ," ಎಂದು ಬಣ್ಣಗಾರ ನಕ್ಕಿದ್ದ.

"ಅದು ತಿನ್ನೋದನ್ನಲ್ಲ ಅಣ್ಣಾ, ತರೋದನ್ನ ನೋಡಿ."

ಅಂದು ಎಲೆಯೂ ಅಲುಗದ ಮಧ್ಯಾಹ್ನ. ಹೆಂಡತಿ ಊಟ ಹರಡಿಟ್ಟು ನೀರು ತರಲು ಒಳಗೆ ಹೋಗಿದ್ದಳು. ಪುಟ್ಟಿ ಕಾದೂ ಕಾದೂ ಚಾಪೆಯ ಮೇಲೆ ನಿದ್ದೆಹೋಗಿದ್ದಳು. ಬಣ್ಣಗಾರ ಕೈ ತೊಳೆದು ಬಂದವನು ಅವಳ ಮೊಸರಿನ ಬಟ್ಟಲು ನೋಡಿ ನಿಂತುಬಿಟ್ಟ.

ಬೆಳ್ಳನೆಯ ಕೆನೆಯ ಮೇಲೆ ನೀಲಿ ಚುಕ್ಕೆಗಳು. ಸಾಸಿವೆಗಿಂತ ಸಣ್ಣವು. ಸಾಲಾಗಿ ಅಂಚು ದಾಟಿ, ಚಮಚ ಹತ್ತಿ, ಅಲ್ಲಿಗೇ ಮಾಯ. ಹಿತ್ತಲಲ್ಲಿ ಬೇರೆ ನರಪಿಳ್ಳೆಯೂ ಇರಲಿಲ್ಲ.

ಹೊಸ್ತಿಲಲ್ಲಿ ಕೂತಿದ್ದ ತನ್ನ ತಾಯಿಯನ್ನು ಕೂಗಿದ: "ಅಮ್ಮಾ, ಇಲ್ಲಿಗೆ ಯಾರು ಬಂದಿದ್ರು?"

"ಯಾರೂ ಇಲ್ಲ ಕಣೋ. ಹೊಸ್ತಿಲು ಬಿಟ್ಟು ನಾನು ಎದ್ದೇ ಇಲ್ಲ." ಮುದುಕಿ ಎದ್ದು ಬಂದು ಬಟ್ಟಲಿಗೆ ಬಗ್ಗಿ ನೋಡಿದಳು. "ಅಯ್ಯೋ, ಇದ್ಯಾವುದರ ಹೆಜ್ಜೆನೋ! ಮಗೂಗೆ ಯಾರದೋ ದೃಷ್ಟಿ ತಾಗಿದೆ."

ಆಗ ಅವನಿಗೆ ಮಗಳ ತುಟಿ ಕಂಡಿತು. ಅಲ್ಲೂ ಒಂದು ನೀಲಿ ಚುಕ್ಕೆ. ಪಕ್ಕದಲ್ಲೇ ಒಂದು ನೊಣ ನಿಧಾನವಾಗಿ ಮುಂಗಾಲು ಉಜ್ಜುತ್ತಾ ಕೂತಿತ್ತು.

ನೂರು ನೀಲಿಗಳ ನಡುವೆ ಇಟ್ಟರೂ ಆ ನೀಲಿಯನ್ನು ಅವನು ಗುರುತಿಸಬಲ್ಲ. ತಾನೇ ಕಲಸಿ, ಹದ ಕೆಟ್ಟಿತೆಂದು ಬೆಳಿಗ್ಗೆ ಚೆಲ್ಲಿದ ಬಣ್ಣ. ಚೆಲ್ಲಿದ್ದು ಹಿತ್ತಲ ಮೂಲೆಯ ಕಸದ ಗುಂಡಿಗೆ. ಪುಟ್ಟಿಯ ಭೇದಿ ಬಾಚಿ ಹಾಕಿದ್ದೂ ಅದೇ ಗುಂಡಿಗೆ, ಮೇಲೊಂದು ಹಿಡಿ ಮಣ್ಣೂ ಎಳೆಯದೆ. ಈಗ ಕಿವಿಗೊಟ್ಟರೆ ಆ ಗುಂಡಿ ಗುಂಯ್‌ಗುಡುತ್ತಿತ್ತು. ಅದು ಯಾವತ್ತೂ ಗುಂಯ್‌ಗುಡುತ್ತಲೇ ಇತ್ತು. ಅವನು ಕೇಳಿಸಿಕೊಂಡಿರಲಿಲ್ಲ, ಅಷ್ಟೇ.

ಅವನು ನೊಣ ಓಡಿಸಿ, ಮಗುವನ್ನು ಬಾಚಿ ಎತ್ತಿಕೊಂಡು ಬೇಲಿಯ ಹತ್ತಿರ ಓಡಿದ. "ನರ್ಸಮ್ಮಾ, ಬೇಗ ಬಾ! ನನ್ನ ಮಗಳ ಬಾಯಿಗೆ ನಾನೇ ಗುಂಡಿಯಿಂದ ದಾರಿ ಮಾಡಿಟ್ಟಿದ್ದೀನಿ!"

ನರ್ಸಮ್ಮ ಬಂದು ಕಾಯಿಸಿ ಆರಿಸಿದ ನೀರಿನಿಂದ ತುಟಿ ಒರೆಸಿದಳು. "ಹೆದರಬೇಡಿ, ಇನ್ನೂ ಊಟ ಮಾಡಿಲ್ವಲ್ಲ. ಆ ಮೊಸರು ಚೆಲ್ಲಿ. ಚಮಚ, ಬಟ್ಟಲು ಸೋಪು ಹಾಕಿ ತೊಳೀರಿ."

"ದೃಷ್ಟಿ ತೆಗೆಯೋದು ಬೇಡ್ವೇನಮ್ಮಾ?" ಎಂದಳು ಮುದುಕಿ.

"ತೆಗೀರಿ ಅಜ್ಜಿ, ಬೇಡ ಅನ್ನಲ್ಲ. ಮೊದಲು ಗುಂಡಿಗೆ ಮಣ್ಣು ಮುಚ್ಚಿಸಿ."

ಸಂಜೆಯೊಳಗೆ ಗುಂಡಿ ಮುಚ್ಚಿತು. ಹಿತ್ತಲ ಊಟ ನಿಲ್ಲಲಿಲ್ಲ. ಎಲ್ಲರೂ ಕೂತ ಮೇಲೆಯೇ ಪಾತ್ರೆ ಹೊರಗೆ ಬರುತ್ತದೆ, ಅದೂ ಬಲೆಯ ಮುಚ್ಚಳದ ಕೆಳಗೆ. ಬಿದ್ದ ಅಗುಳು, ಹಣ್ಣಿನ ಸಿಪ್ಪೆಯನ್ನು ಆಗಲೇ ಎತ್ತುತ್ತಾರೆ. ಪುಟ್ಟಿ ಮತ್ತೆ ಕಾಯಿಲೆ ಬೀಳಲಿಲ್ಲ. ಆದರೂ ಬಣ್ಣಗಾರ ಅನೇಕ ದಿನ ಅವಳ ತುಟಿ ನೋಡದೆ ಕೆಲಸಕ್ಕೆ ಕೂರುತ್ತಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಸದ ಗುಂಡಿಗೆ ಯಾರೂ ಬಣ್ಣ ಸುರಿದಿಲ್ಲ. ಅದಕ್ಕೇ ನಿಮ್ಮ ಮಗುವಿನ ತಟ್ಟೆಯ ಮೇಲಿನ ನೊಣದ ಹೆಜ್ಜೆಗಳು ನಿಮಗೆ ಕಾಣುತ್ತಿಲ್ಲ. ಮಲವನ್ನು ಮಣ್ಣಿನಲ್ಲಿ ಹೂಳಿ, ಕಸ ಮುಚ್ಚಿ, ಊಟ ಮುಚ್ಚಿ. ಇವತ್ತೇ, ಬಡಿಸುವ ಮೊದಲೇ.