ಹೊಗೆಗಿಟ್ಟ ಎಲುಬು

ಕುಟ್ಟದ ಬಳಿ ಬಿಳಿ ದೊರೆಯ ಕಾಫಿ ಎಸ್ಟೇಟಿನ ಕೂಲಿಗಳ ಲೈನಿನಲ್ಲಿ ಮಗಳನ್ನು ಲಿಂಗನಷ್ಟು ಹಚ್ಚಿಕೊಂಡ ಅಪ್ಪ ಇನ್ನೊಬ್ಬನಿರಲಿಲ್ಲ. ಅದೇ ಅವಳಿಗೆ ಮುಳುವಾಯಿತು.

ಲಿಂಗ ಎಸ್ಟೇಟಿಗೆ ಬುಟ್ಟಿ ಹೆಣೆಯುವವನು. ಕಡಿದು ತಂದ ಹಸಿ ಬಿದಿರನ್ನು ಒಲೆಯ ಮೇಲಿನ ಅಟ್ಟಕ್ಕೇರಿಸಿ ಹೊಗೆಗಿಡುತ್ತಿದ್ದ. ಹೊಗೆ ಕುಡಿದ ಬಿದಿರಿಗೆ ಹುಳ ಹಿಡಿಯುವುದಿಲ್ಲ, ಕಬ್ಬಿಣದಂತಾಗುತ್ತದೆ. ಅವನ ಮೊದಲ ಮಗು ಮಳೆಗಾಲದ ಥಂಡಿಗೆ ಸತ್ತಿತ್ತು. ಚಿನ್ನಿ ಹುಟ್ಟಿದಾಗ ಹೆಂಡತಿ ಗಂಗೆಗೆ ಕಟ್ಟಪ್ಪಣೆ ಮಾಡಿದ.

“ಇವಳನ್ನ ಹೊರಗೆ ತೆಗೀಬೇಡ ಕಣೆ. ಒಲೆ ಬದೀಲೇ ಇರ್ಲಿ. ಎಳೆ ಎಲುಬು, ಹೊಗೇಲಿ ಗಟ್ಟಿ ಆಗ್ಲಿ.”

ಕಿಟಕಿಯಿಲ್ಲದ ಕೋಣೆ. ಮಳೆ ಹೋಗಿ ಬೇಸಿಗೆ ಬಂದರೂ ಮಗು ಒಲೆ ಬಿಟ್ಟು ಕದಲಲಿಲ್ಲ. ಕೊನೆಗೊಮ್ಮೆ ಎದ್ದು ನಿಂತಾಗ ಕಾಲೆರಡೂ ಬಿಲ್ಲಿನಂತೆ ಬಾಗಿದವು. ಇನ್ನೂ ಹಸಿ ಇದೆ ಎಂದುಕೊಂಡ ಪುಣ್ಯಾತ್ಮ ಮತ್ತಷ್ಟು ಸೌದೆ ಒಟ್ಟಿದ! ಸೊಟ್ಟ ಬಿದಿರನ್ನು ತಿದ್ದುವ ಹಾಗೆ, ದಿನಾ ಸಂಜೆ ಕಾಲಿಗೆ ಬಿಸಿ ಎಣ್ಣೆ ತಿಕ್ಕಿ, ಬಿದಿರ ದಬ್ಬೆ ಇಟ್ಟು ಹಗ್ಗ ಬಿಗಿದ. ಚಿನ್ನಿಯ ಕಿರುಚಾಟಕ್ಕೆ ಅಕ್ಕಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅವಳಿಗೆ ಎಂಟು ವರ್ಷ ತುಂಬಿದ ಮೇಲೆ, ಗಂಗೆಯ ಕಾಟ ತಡೆಯಲಾರದೆ, ಗಾಡಿ ಹಿಡಿದು ವಿರಾಜಪೇಟೆಗೆ ಕರೆದೊಯ್ದ. ಡಾಕ್ಟರು ಕಾಲು ಮುಟ್ಟಿ ನೋಡಿ, ತಾಯಿ ಮಗಳಿಬ್ಬರನ್ನೂ ಹೊರಗೆ ಕಳಿಸಿದರು.

“ಹುಟ್ಟಿದ ಮಗುವಿನ ಎಲುಬು ಮೆತ್ತಗೇ ಇರ್ತದೆ ಮಾರಾಯ. ಕುಡಿದ ಹಾಲಿನ ಸುಣ್ಣ ಅದಕ್ಕೆ ಹಿಡೀಬೇಕು, ಆಗ ಗಟ್ಟಿ. ಮೈಗೆ ಬಿಸಿಲು ಬೀಳದಿದ್ರೆ ಆ ಸುಣ್ಣ ಹಿಡಿಯೋದೇ ಇಲ್ಲ.”

“ಇನ್ಮೇಲೆ ಬಿಸಿಲಿಗೆ ಕೂರಿಸ್ತೀನಿ ಬುದ್ಧಿ. ದಿನಾ ಕೂರಿಸ್ತೀನಿ.”

“ಕೂರಿಸು. ಗಟ್ಟಿ ಆಗ್ತದೆ. ಆದ್ರೆ ಈಗಿರೋ ಸೊಟ್ಟದಲ್ಲೇ ಗಟ್ಟಿ ಆಗ್ತದೆ.”

ಬಲಿತ ಬಿದಿರು ಬಾಗುವುದಿಲ್ಲ, ಮುರಿಯುತ್ತದೆ. ಅದನ್ನು ಲಿಂಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುದಿನ ಮಗಳನ್ನು ಅಂಗಳದಲ್ಲಿ ಕೂರಿಸಿದ. ಅವಳು ಕಣ್ಣು ಕಿರಿದು ಮಾಡಿಕೊಂಡು ನಕ್ಕಳು. ಊರ ನಾಯಿಕೋಳಿಗಳಿಗೂ ಸಿಗುವ ಬಿಸಿಲನ್ನು ತಾನು ಇವಳಿಗೆ ಸಿಗದಂತೆ ಮಾಡಿದೆನಲ್ಲ ಎನಿಸಿತು ಅವನಿಗೆ. ಅವಳ ಮುಖ ನೋಡಲಾರದೆ ಒಳಗೆ ಹೋಗಿ ಕೂತ.

ಸಂಜೆ ಚಿನ್ನಿ ತೆವಳುತ್ತ ದಬ್ಬೆಗಳನ್ನು ತಾನೇ ತಂದಳು. ಎರಡೂ ಕಾಲು ಅಪ್ಪನ ಮುಂದೆ ಚಾಚಿದಳು.

“ಇವತ್ತು ಅಳಲ್ಲ ಅಪ್ಪ. ಬಿಗಿಯಾಗಿ ಕಟ್ಟು, ಬೇಗ ನೆಟ್ಟಗಾಗ್ಲಿ.”

ಲಿಂಗ ದಬ್ಬೆಗಳನ್ನು ಅವಳ ಕಾಲಿಗಿಟ್ಟ. ಹಗ್ಗ ತೆಗೆದುಕೊಂಡು ಕಟ್ಟಿದ.

ಚಿನ್ನಿ ಅಳಲಿಲ್ಲ.