ಆಷಾಢದ ಬೀಗ

"ಹಾಕ್ಬ್ಯಾಡಿ ಸಾ, ಕೈ ತೆಗೀರಿ!"

ಟ್ರಸ್ಟ್ ಆಸ್ಪತ್ರೆಯ ಕಾರ್ಯದರ್ಶಿ ಗಂಗಾಧರಯ್ಯನವರು ಹೆಣದ ಕೊರಳಿಗೆ ಹಾರ ಹಾಕಲು ಬಾಗಿದ್ದರು. ಆ ಹಾರವನ್ನು ನಂಜಮ್ಮ ಅರ್ಧದಲ್ಲೇ ಹಿಡಿದು ನಿಲ್ಲಿಸಿದಳು. ಚಾಪೆಯ ಮೇಲೆ ಮಲಗಿಸಿದ್ದು ಅವಳ ಅಕ್ಕ ಶಿವಗಂಗಮ್ಮನನ್ನು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಹೂ ಕಟ್ಟಿ ಮಾರಿದವಳು. ಮಧ್ಯಾಹ್ನ ಎರಡಕ್ಕೆ ಪ್ರಾಣ ಹೋಗಿತ್ತು.

"ಸತ್ತ ಮನೇಲಿ ಇದೇನ್ ರಂಪ ನಂಜಿ?" ಎಂದ ಸೋದರಮಾವ ಕೆಂಚಯ್ಯ. "ದೊಡ್ಡೋರು ಬಂದವ್ರೆ."

"ಬರ್ಲಿ ಮಾವ. ಆ ಮೆಷಿನ್ ರೂಮಿನ ಬೀಗ ಯಾಕ್ ತೆಗೀಲಿಲ್ಲ ಅಂತ ಎಲ್ರ ಎದ್ರಿಗೆ ಯೋಳ್ಲಿ. ಆಮೇಲೆ ಹಾರ ಆಕ್ಲಿ."

*

ಮೂರು ವರ್ಷದ ಹಿಂದೆ, ೨೦೦೧ರ ಜೂನಿನಲ್ಲಿ, ಲಕ್ವ ಹೊಡೆದು ಶಿವಗಂಗಮ್ಮನ ಬಲಗೈ ಬಿದ್ದುಹೋಯಿತು. ಸಣ್ಣಗೆ ಕರೆಂಟು ಕೊಟ್ಟು ಬೆರಳು ಆಡಿಸುವ ಮೆಷಿನ್ ನಿಮ್ಮೂರ ಆಸ್ಪತ್ರೆಗೇ ಬಂದಿದೆ, ಮೊದಲ ಮೂರು ತಿಂಗಳು ಬಿಡಬೇಡಿ, ಕೈ ಬರಬಹುದು ಎಂದಿದ್ದರು ಹಾಸನದ ಡಾಕ್ಟರು.

ಬಂದಿದ್ದೇನೋ ನಿಜ. ಪ್ಲಾಸ್ಟಿಕ್ ಹೊದ್ದು ಬೀಗದೊಳಗೆ ಕೂತಿತ್ತು. ಆಷಾಢದಲ್ಲಿ ಹೊಸದನ್ನು ಶುರು ಮಾಡಬಾರದು ಎಂದರು ಗಂಗಾಧರಯ್ಯ. ಶ್ರಾವಣ ಬಂದರೆ ಉದ್ಘಾಟನೆಗೆ ಮಂತ್ರಿಗಳ ಡೇಟು ಸಿಗಲಿಲ್ಲ. ಆಮೇಲೆ ಪಿತೃಪಕ್ಷ. ಅದಾದ ಮೇಲೆ ಧನುರ್ಮಾಸ. ಮನುಷ್ಯರ ಕೈಕಾಲು ಪಂಚಾಂಗ ನೋಡಿಕೊಂಡು ಬಿದ್ದುಹೋಗುತ್ತವೆಯೇ? ಎಂಟು ತಿಂಗಳ ಮೇಲೆ ರಿಬ್ಬನ್ ಕತ್ತರಿಸುವಷ್ಟರಲ್ಲಿ ಶಿವಗಂಗಮ್ಮನ ಬೆರಳುಗಳು ಮುಷ್ಟಿ ಕಟ್ಟಿ ಸೆಟೆದಿದ್ದವು.

"ಮೊದ್ಲೇ ಬರ್ಬೇಕಿತ್ತು ಕಣಮ್ಮ," ಎಂದಳು ಮೆಷಿನ್ ಹಾಕುವಾಕೆ.

ಬಂದೇ ಇದ್ದರು ಅಕ್ಕ ತಂಗಿ. ವಾರಕ್ಕೆರಡು ಸಲ, ಆ ಬೀಗದ ಮುಂದೆ.

*

"ಅದು ಆಷಾಢ ಕಣಮ್ಮ, ನನ್ನೊಬ್ಬನ ಕೈಲಿತ್ತಾ?" ಗಂಗಾಧರಯ್ಯ ವಾಚು ನೋಡಿಕೊಂಡರು. "ಈಗ ಜಗಳ ಬೇಡ. ಭಾನುವಾರ ಇವತ್ತು, ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಎತ್ತಿಬಿಡಿ."

ನಂಜಮ್ಮ ಅಕ್ಕನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಎತ್ತಾಕಿಲ್ಲ. ರಾಹುಕಾಲ ಮುಗೀಲಿ. ನಮ್ಮಕ್ಕ ಎಂಟು ತಿಂಗ್ಳು ಕಾದ್ಲು, ನೀವು ಆ ಒಂದೂವರೆ ಗಂಟೆ ಕಾಯ್ರಿ ಸಾ."

ಕೆಂಚಯ್ಯ ಚಟ್ಟ ಕಟ್ಟುತ್ತಿದ್ದವರಿಗೆ ಸುಮ್ಮನಿರುವಂತೆ ಸನ್ನೆ ಮಾಡಿದ. ನಂಜಮ್ಮ ಅಕ್ಕನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ದಿನಾ ತಿಕ್ಕಿ ಜಗ್ಗಿ ಬಿಡಿಸಲು ನೋಡುತ್ತಿದ್ದ ಹಾಗೆಯೇ, ಮಣಿಕಟ್ಟು ಬಾಗಿಸಿ ಹೆಬ್ಬೆರಳು ಹಿಡಿದಳು. ಪ್ರಾಣ ಹೋದ ಕೈಗೆ ಬಲ ಹಾಕಬೇಕಾಗಲಿಲ್ಲ. ಒಂದೊಂದೇ ಬೆರಳು, ಕಿರುಬೆರಳಿನವರೆಗೂ, ಸಲೀಸಾಗಿ ಬಿಚ್ಚಿಕೊಂಡಿತು. ಮತ್ತೆ ಮುಚ್ಚಿಕೊಳ್ಳಲಿಲ್ಲ.